ಇಪ್ಪತ್ತು ರೂಪಾಯಿಯ ಹುರುಪು: ಎನರ್ಜಿ ಡ್ರಿಂಕ್ ವ್ಯಾಪಾರ ಮತ್ತು ನಮ್ಮ ಕರಾವಳಿ

ಹತ್ತು ವರ್ಷಗಳ ಹಿಂದೆ ಎನರ್ಜಿ ಡ್ರಿಂಕ್ ಎಂದರೆ ಬೆಂಗಳೂರು, ಮಂಗಳೂರಿನ ದೊಡ್ಡ ಅಂಗಡಿಗಳಲ್ಲಿ ಸಿಗುವ, ನೂರು ರೂಪಾಯಿಯ ಆಚೀಚೆ ಬೆಲೆಯ ತೆಳ್ಳನೆಯ ಡಬ್ಬಿ. ಭಟ್ಕಳದ ಕಡೆ ಗಲ್ಫ್‌ನಲ್ಲಿ ದುಡಿಯುವವರ ಮಾತಿನಲ್ಲಿ ಅದರ ಹೆಸರು ಕೇಳಿ ಗೊತ್ತಿತ್ತು. ಊರಿನ ಅಂಗಡಿಯಲ್ಲಿ ಅದನ್ನು ಕೇಳಿ ಕೊಳ್ಳುವವರು ವಿರಳ. ಈಗ ಭಟ್ಕಳ ಪೇಟೆಗೆ ತಾಗಿಕೊಂಡಿರುವ ಮುಟ್ಟಳ್ಳಿಯಿಂದ ಹಿಡಿದು ಹೊನ್ನಾವರ, ಕುಮಟಾದವರೆಗೆ ಹೆದ್ದಾರಿ 66ರ ಆಜುಬಾಜಿನ ಗೂಡಂಗಡಿ, ಬೇಕರಿ, ಕಿರಾಣಿ ಅಂಗಡಿಗಳಲ್ಲಿ ಕೆಂಪು ಬಣ್ಣದ ಪುಟ್ಟ ಪ್ಲಾಸ್ಟಿಕ್ ಬಾಟಲಿ ಸೋಡಾ, ಮಜ್ಜಿಗೆ ಪ್ಯಾಕೆಟ್ಟಿನ ಪಕ್ಕದಲ್ಲೇ ತಣ್ಣಗೆ ಕೂತಿದೆ. ಬೆಲೆ 20 ರೂಪಾಯಿ. ಕ್ರಿಕೆಟ್ ಆಡಿ ಬಂದ ಹುಡುಗ, ರಾತ್ರಿ ಲಾರಿ ಓಡಿಸುವವನು, ಪರೀಕ್ಷೆಗೆ ಓದುವ ಕಾಲೇಜು ವಿದ್ಯಾರ್ಥಿ, ಜಿಮ್ಮಿಗೆ ಹೋಗುವ ತರುಣ ಎಲ್ಲರೂ ಅದರ ಗಿರಾಕಿಗಳೇ.

ಇಷ್ಟು ಬೇಗ ಇಷ್ಟು ದೂರ ಈ ಪಾನೀಯ ಬಂದದ್ದು ಹೇಗೆ? ಬಾಟಲಿಯೊಳಗೆ ಇರುವುದೇನು? ಸರ್ಕಾರ ಇದನ್ನು ಹೇಗೆ ನೋಡುತ್ತಿದೆ? ಮುರುಗಲು, ಎಳನೀರು, ಗಂಜಿತಿಳಿಯ ನಾಡಾದ ಕರಾವಳಿ ಇದರಿಂದ ಕಲಿಯಬೇಕಾದದ್ದೇನು? ಈ ನಾಲ್ಕೂ ಪ್ರಶ್ನೆಗಳನ್ನು ಒಟ್ಟಿಗೆ ಇಟ್ಟು ನೋಡಿದಾಗ ಒಂದು ಮಾತು ಸ್ಪಷ್ಟವಾಗುತ್ತದೆ: ಈ ವ್ಯಾಪಾರದಲ್ಲಿ ಪಾನೀಯದ ಪಾತ್ರ ಸಣ್ಣದು. ಗೆದ್ದದ್ದು ಬೆಲೆ, ಪ್ರಚಾರ ಮತ್ತು ಅಂಗಡಿಯ ಫ್ರಿಜ್.

ಔಷಧದ ಕಪಾಟಿನಿಂದ ಹೊರಟ ಪಾನೀಯ

ದಣಿದವರಿಗೆ ಬಾಟಲಿಯಲ್ಲಿ ಶಕ್ತಿ ಮಾರುವ ಉಪಾಯ ಹೊಸದೇನಲ್ಲ. ಇಂಗ್ಲೆಂಡಿನ ಮ್ಯಾಂಚೆಸ್ಟರಿನಲ್ಲಿ 1908ರಲ್ಲಿ ಜಾನ್ ನೋಯೆಲ್ ನಿಕೋಲ್ಸ್ ಹಣ್ಣಿನ ರಸ, ಗಿಡಮೂಲಿಕೆ ಸೇರಿಸಿ ಒಂದು ಟಾನಿಕ್ ತಯಾರಿಸಿದ. ಅದೇ ವಿಮ್ಟೊ. ಕಾಲಕ್ರಮದಲ್ಲಿ ಅದು ಗಲ್ಫ್ ದೇಶಗಳಲ್ಲಿ ರಂಜಾನ್ ಉಪವಾಸ ಬಿಡುವ ಹೊತ್ತಿನ ಪಾನೀಯವಾಯಿತು. ಇಂಗ್ಲೆಂಡಿನದೇ ಲೂಕೋಜೇಡ್ 1927ರಲ್ಲಿ ಕಾಯಿಲೆ ಬಿದ್ದವರಿಗೆ ಕೊಡುವ ಗ್ಲೂಕೋಸ್ ಪಾನೀಯವಾಗಿ ಹುಟ್ಟಿ, ಮುಂದೆ ಆಟಗಾರರ ಪಾನೀಯವೆಂದು ವೇಷ ಬದಲಿಸಿತು.

ಇಂದಿನ ಎನರ್ಜಿ ಡ್ರಿಂಕಿನ ನೇರ ಪೂರ್ವಜ ಇರುವುದು ಜಪಾನಿನಲ್ಲಿ. ತೈಶೋ ಎಂಬ ಔಷಧ ಕಂಪನಿ 1962ರಲ್ಲಿ ಟಾರಿನ್ ಎಂಬ ವಸ್ತುವನ್ನೂ ಬಿ ಗುಂಪಿನ ವಿಟಮಿನ್‌ಗಳನ್ನೂ ಸೇರಿಸಿದ ಲಿಪೋವಿಟಾನ್-ಡಿ ಎಂಬ ಪುಟ್ಟ ಸೀಸೆಯನ್ನು ಮಾರುಕಟ್ಟೆಗೆ ತಂದಿತು. ಯುದ್ಧದ ನಂತರ ಹಗಲಿರುಳು ದುಡಿಯುತ್ತಿದ್ದ ಜಪಾನೀ ನೌಕರನಿಗೆ ಅದು ಹಿಡಿಸಿತು. ಅಲ್ಲಿಂದ ಈ ಬಗೆಯ ಸೀಸೆಗಳು ಥಾಯ್ಲೆಂಡಿಗೆ ಬಂದವು. ಬಡ ಮನೆತನದಲ್ಲಿ ಹುಟ್ಟಿ ಔಷಧ ವ್ಯಾಪಾರಕ್ಕಿಳಿದಿದ್ದ ಚಾಲಿಯೋ ಯೂವಿಧ್ಯ 1970ರ ದಶಕದ ನಡುವಿನಲ್ಲಿ ತನ್ನದೇ ಪಾಕ ಸಿದ್ಧಪಡಿಸಿ ಕ್ರಾತಿಂಗ್ ಡೇಂಗ್ ಎಂಬ ಹೆಸರಿನಲ್ಲಿ ಮಾರಿದ. ಕೆಂಪು ಕಾಟಿಗಳೆರಡು ಹಾಯುತ್ತಿರುವ ಚಿತ್ರ ಅದರ ಗುರುತು. ನಮ್ಮ ಘಟ್ಟದ ಕಾಡಿನಲ್ಲಿ ತಿರುಗುವ ಕಾಟಿಯೇ ಅದು. ಲಾರಿ ಚಾಲಕರು, ಕಾರ್ಖಾನೆ ಕೂಲಿಗಳು, ಹೊಲದಲ್ಲಿ ದುಡಿಯುವವರು ಅದರ ಗಿರಾಕಿಗಳು. ಅಂದರೆ ಎನರ್ಜಿ ಡ್ರಿಂಕ್ ಏಷ್ಯಾದಲ್ಲಿ ಹುಟ್ಟಿದ್ದು ದುಡಿಯುವವರ ಅಗ್ಗದ ಪಾನೀಯವಾಗಿ. ಅದನ್ನು ಸಿರಿವಂತ ತರುಣರ ಪಾನೀಯವಾಗಿ ಮಾರ್ಪಡಿಸಿದ ಕೆಲಸ ಯುರೋಪಿನಲ್ಲಿ ನಡೆಯಿತು.

ರೆಡ್ ಬುಲ್ ಹಾಕಿಕೊಟ್ಟ ದಾರಿ

ಟೂತ್‌ಪೇಸ್ಟ್ ಕಂಪನಿಯೊಂದರ ಮಾರಾಟ ವಿಭಾಗದಲ್ಲಿದ್ದ ಆಸ್ಟ್ರಿಯಾದ ಡೀಟ್ರಿಶ್ ಮಾಟೆಶಿಟ್ಜ್ 1982ರ ಸುಮಾರಿಗೆ ಥಾಯ್ಲೆಂಡಿನಲ್ಲಿ ಈ ಪಾನೀಯದ ರುಚಿ ಕಂಡ. 1984ರಲ್ಲಿ ಅವನೂ ಚಾಲಿಯೋನೂ ತಲಾ 5 ಲಕ್ಷ ಡಾಲರ್ ಹಾಕಿ ರೆಡ್ ಬುಲ್ ಕಂಪನಿ ಕಟ್ಟಿದರು. ಇಬ್ಬರಿಗೂ ಶೇ. 49ರಷ್ಟು ಪಾಲು, ಉಳಿದ ಶೇ. 2 ಚಾಲಿಯೋನ ಮಗನಿಗೆ. ಸಿಹಿ ಕಡಿಮೆ ಮಾಡಿ, ಅನಿಲ ತುಂಬಿಸಿ, ನೀಲಿ-ಬೆಳ್ಳಿ ಬಣ್ಣದ 250 ಮಿ.ಲೀ. ಡಬ್ಬಿಯಲ್ಲಿ 1987ರ ಏಪ್ರಿಲ್ 1ರಂದು ಅದನ್ನು ಆಸ್ಟ್ರಿಯಾದಲ್ಲಿ ಬಿಡುಗಡೆ ಮಾಡಿದರು.

ಮಾಟೆಶಿಟ್ಜ್‌ನ ಜಾಣ್ಮೆ ಎರಡು ಕಡೆ ಕೆಲಸ ಮಾಡಿತು. ಮೊದಲನೆಯದು ಬೆಲೆ. ಬೇರೆ ತಂಪುಪಾನೀಯಗಳಿಗಿಂತ ಹಲವು ಪಟ್ಟು ಹೆಚ್ಚು ಬೆಲೆ ಇಟ್ಟು, ಇದು ಕೋಲಾದ ಸಾಲಿಗೆ ಸೇರಿದ್ದಲ್ಲ ಎಂಬ ಭಾವನೆಯನ್ನು ಮೊದಲ ದಿನದಿಂದಲೇ ಬಿತ್ತಿದ. ಎರಡನೆಯದು ಕಾರ್ಖಾನೆಯ ಗೊಡವೆಯನ್ನೇ ಕೈಬಿಟ್ಟದ್ದು. ಡಬ್ಬಿ ತುಂಬುವ ಕೆಲಸವನ್ನು ರೌಖ್ ಎಂಬ ಹಣ್ಣಿನ ರಸದ ಕಂಪನಿಗೆ ವಹಿಸಿ, ತನ್ನ ಹಣವನ್ನೆಲ್ಲ ಹೆಸರು ಬೆಳೆಸುವುದಕ್ಕೆ ಸುರಿದ. ಫಾರ್ಮುಲಾ ಒನ್ ಕಾರು ತಂಡ, ಸಾಲ್ಸ್‌ಬರ್ಗ್, ನ್ಯೂಯಾರ್ಕ್, ಲೈಪ್ಜಿಗ್ ಊರುಗಳ ಫುಟ್‌ಬಾಲ್ ಕ್ಲಬ್ಬುಗಳು ಕಂಪನಿಯ ಕೈಗೆ ಬಂದವು. 2012ರ ಅಕ್ಟೋಬರ್ 14ರಂದು ಫೆಲಿಕ್ಸ್ ಬಾಮ್‌ಗಾರ್ಟ್ನರ್ ಸುಮಾರು 39 ಕಿ.ಮೀ. ಎತ್ತರದಿಂದ ಭೂಮಿಗೆ ಜಿಗಿದಾಗ ಜಗತ್ತು ಕಂಡದ್ದು ಅವನ ಉಡುಪಿನ ಮೇಲಿದ್ದ ಈ ಕಂಪನಿಯ ಗುರುತನ್ನು.

ಫಲ ಕಣ್ಣೆದುರಿಗಿದೆ. 2024ರಲ್ಲಿ ರೆಡ್ ಬುಲ್ ಮಾರಿದ ಡಬ್ಬಿಗಳು ಸುಮಾರು 1,267 ಕೋಟಿ. ವಹಿವಾಟು 1,122 ಕೋಟಿ ಯೂರೋ. ಭೂಮಿಯ ಮೇಲಿರುವ ಪ್ರತಿಯೊಬ್ಬರಿಗೂ ಒಂದೂವರೆ ಡಬ್ಬಿ ಹಂಚಿದ ಲೆಕ್ಕ. ಚಾಲಿಯೋ 2012ರಲ್ಲಿ, ಮಾಟೆಶಿಟ್ಜ್ 2022ರಲ್ಲಿ ತೀರಿಕೊಂಡರು. ಕಂಪನಿಯ ಓಟ ನಿಂತಿಲ್ಲ.

ದೊಡ್ಡ ಕೋಲಾ ಕಂಪನಿಗಳು ಈ ಓಟವನ್ನು ತಡವಾಗಿ ಗಮನಿಸಿದವು. ಅಮೆರಿಕದ ಹ್ಯಾನ್ಸೆನ್ ಎಂಬ ಜ್ಯೂಸ್ ಕಂಪನಿ 2002ರಲ್ಲಿ ಮಾನ್‌ಸ್ಟರ್ ಪಾನೀಯ ತಂದು ಎರಡನೇ ಸ್ಥಾನ ಹಿಡಿಯಿತು. ಕೋಕಾ-ಕೋಲಾ ಅದರಲ್ಲಿ ಪಾಲು ಕೊಂಡಿತು. ಪೆಪ್ಸಿಕೋ 2020ರಲ್ಲಿ ರಾಕ್‌ಸ್ಟಾರ್ ಕಂಪನಿಯನ್ನು 385 ಕೋಟಿ ಡಾಲರಿಗೆ ಖರೀದಿಸಿತು. ಪಶ್ಚಿಮದ ಈ ಕತೆಯಲ್ಲೆಲ್ಲ ಎನರ್ಜಿ ಡ್ರಿಂಕ್ ದುಬಾರಿಯೇ. ಅದನ್ನು ಮತ್ತೆ ದುಡಿಯುವವರ ಬೆಲೆಗೆ ಇಳಿಸಿದ ಪ್ರಯೋಗ ನಮ್ಮ ದೇಶದಲ್ಲಿ ನಡೆಯಿತು.

ಭಾರತದಲ್ಲಿ ಬೆಲೆಯ ಮಂತ್ರ

ರೆಡ್ ಬುಲ್ ಭಾರತಕ್ಕೆ ಬಂದು ಎರಡು ದಶಕ ದಾಟಿದೆ. ಪೇಟೆ ದಾಟಿ ಹಳ್ಳಿಗೆ ಅದು ಇಳಿಯಲೇ ಇಲ್ಲ. ಒಂದು ಡಬ್ಬಿಯ ದುಡ್ಡಿಗೆ ಒಂದು ಹೊತ್ತಿನ ಮೀನೂಟವೇ ಆಗುತ್ತದೆ. ಪೆಪ್ಸಿಕೋ 2017ರಲ್ಲಿ ಸ್ಟಿಂಗ್ ಎಂಬ ಎನರ್ಜಿ ಡ್ರಿಂಕ್ ತಂದಿತು. ಅಲ್ಯೂಮಿನಿಯಂ ಡಬ್ಬಿಯ ಬದಲು 250 ಮಿ.ಲೀ. ಪ್ಲಾಸ್ಟಿಕ್ ಬಾಟಲಿ, ಬೆಲೆ 20 ರೂಪಾಯಿ ಎಂದಾದ ಮೇಲೆ ಆಟದ ನಿಯಮವೇ ಬದಲಾಯಿತು. ಇದೇ ಹೊತ್ತಿಗೆ, 2019ರಲ್ಲಿ, ಪೆಪ್ಸಿಕೋ ಪಾನೀಯಗಳನ್ನು ತುಂಬಿ ಹಂಚುವ ವರುಣ್ ಬೆವರೇಜಸ್ ಕಂಪನಿ ದಕ್ಷಿಣ ಮತ್ತು ಪಶ್ಚಿಮ ಭಾರತದ ಹಕ್ಕುಗಳನ್ನೂ ಪಡೆದುಕೊಂಡಿತು. ಕರ್ನಾಟಕವೂ ಅದರಲ್ಲಿ ಸೇರಿತು. ಅಗ್ಗದ ಬಾಟಲಿಯೂ ಹಳ್ಳಿ ಮುಟ್ಟುವ ಹಂಚಿಕೆಯ ಜಾಲವೂ ಒಂದೇ ಸಮಯಕ್ಕೆ ಕೂಡಿ ಬಂದವು. ಮೇಲೆ ಅಕ್ಷಯ್ ಕುಮಾರ್ ಜಾಹೀರಾತು. ಕೋಕಾ-ಕೋಲಾ ತನ್ನ ಥಮ್ಸ್ ಅಪ್ ಹೆಸರಿನಲ್ಲೇ ಚಾರ್ಜ್ಡ್ ಎಂಬ ಉತ್ತರ ಕೊಟ್ಟಿತು. ಕ್ಯಾಂಪಾವನ್ನು ಕೊಂಡು ಮರುಜೀವ ಕೊಟ್ಟ ರಿಲಯನ್ಸ್, ಸ್ಪಿನ್ನರ್ ಎಂಬ ಕ್ರೀಡಾ ಪಾನೀಯ ಮತ್ತು ಗ್ಲೂಕೋಸ್ ಪಾನೀಯಗಳೊಂದಿಗೆ 2025ರಲ್ಲಿ ಬೆಲೆಯನ್ನು 10 ರೂಪಾಯಿಗೇ ತಂದಿಟ್ಟಿತು. ಸ್ಪಿನ್ನರ್‌ನಲ್ಲಿ ಜೊತೆಯಾದವರು ಶ್ರೀಲಂಕಾದ ಹಳೆಯ ಬೌಲರ್ ಮುತ್ತಯ್ಯ ಮುರಳೀಧರನ್. ಚಾಮರಾಜನಗರದ ಬದನಗುಪ್ಪೆಯಲ್ಲಿ ಅವರ ಪಾನೀಯ ಕಾರ್ಖಾನೆಗೆ 1,400 ಕೋಟಿ ರೂಪಾಯಿ ಹೂಡಿಕೆಯಾಗಲಿದೆ ಎಂದು ಕೈಗಾರಿಕಾ ಸಚಿವ ಎಂ.ಬಿ. ಪಾಟೀಲರು 2024ರಲ್ಲಿ ಪ್ರಕಟಿಸಿದ್ದರು.

ಇಷ್ಟು ಕಡಿಮೆ ಬೆಲೆಗೆ ಮಾರಿಯೂ ಲಾಭ ಹುಟ್ಟುವುದು ಹೇಗೆ? ಬಾಟಲಿಯೊಳಗಿನ ದ್ರವದಲ್ಲಿ ಹೆಚ್ಚಿನ ಪಾಲು ನೀರು. ಸಕ್ಕರೆ ಅಥವಾ ಕೃತಕ ಸಿಹಿ, ಹುಳಿ, ಬಣ್ಣ, ಪರಿಮಳ, ಚಿಟಿಕೆಗಿಂತ ಕಡಿಮೆ ಕೆಫೀನ್, ಒಂದಷ್ಟು ಟಾರಿನ್ ಮತ್ತು ವಿಟಮಿನ್. ದೇಶದ ಕಾಫಿಯಲ್ಲಿ ಸುಮಾರು ಶೇ. 70ರಷ್ಟನ್ನು ಬೆಳೆಯುವ ಕರ್ನಾಟಕಕ್ಕೆ ಈ ಕೆಫೀನಿನಿಂದ ಹೆಚ್ಚು ಲಾಭವೇನೂ ಇಲ್ಲ. ಪಾನೀಯ ಉದ್ಯಮ ಬಳಸುವ ಕೆಫೀನ್ ಬಹುಪಾಲು ಕಾರ್ಖಾನೆಯಲ್ಲಿ ರಾಸಾಯನಿಕವಾಗಿ ತಯಾರಾದದ್ದು. ನಿಜವಾದ ಖರ್ಚು ಬಾಟಲಿ, ಸಾಗಾಟ, ಏಜೆಂಟರ ಕಮಿಷನ್, ಜಾಹೀರಾತು ಮತ್ತು ಅಂಗಡಿಯ ಫ್ರಿಜ್ಜಿನದು.

ಈ ಫ್ರಿಜ್ಜಿನ ಬಗ್ಗೆ ಎರಡು ಮಾತು ಹೆಚ್ಚೇ ಹೇಳಬೇಕು. ದೊಡ್ಡ ಕಂಪನಿಗಳು ಗಾಜಿನ ಬಾಗಿಲಿನ ಫ್ರಿಜ್ಜನ್ನು ಅಂಗಡಿಗೆ ತಾವೇ ತಂದಿಡುತ್ತವೆ. ಕರೆಂಟು ಬಿಲ್ಲು ಅಂಗಡಿಯವನದು, ಒಳಗೆ ಇಡಬೇಕಾದದ್ದು ಕಂಪನಿಯ ಮಾಲು. ಕರಾವಳಿಯ ಏಪ್ರಿಲ್-ಮೇ ತಿಂಗಳ ಸೆಕೆಯಲ್ಲಿ ಗಿರಾಕಿ ಕೇಳುವುದು ‘ತಣ್ಣಗಿರೋದು ಏನಿದೆ?’ ಎಂದು. ಊರಿನ ಸೋಡಾ ತಯಾರಕನಿಗಾಗಲೀ ಮುರುಗಲು ಪಾನಕ ಮಾಡುವ ಮಹಿಳಾ ಸಂಘಕ್ಕಾಗಲೀ ಹೀಗೆ ಫ್ರಿಜ್ ಹಂಚುವ ತಾಕತ್ತು ಇಲ್ಲ. ಪೈಪೋಟಿಯ ಅರ್ಧ ಅಲ್ಲೇ ತೀರ್ಮಾನವಾಗಿಬಿಡುತ್ತದೆ.

ಕರ್ನಾಟಕದ ಎರಡು ಪಾಠಗಳು

ನಮ್ಮ ರಾಜ್ಯದಲ್ಲೂ ಎನರ್ಜಿ ಡ್ರಿಂಕಿನ ಪ್ರಯೋಗ ನಡೆದಿದೆ. ಕೋಕಾ-ಕೋಲಾದಲ್ಲಿ ದುಡಿದಿದ್ದ ನೀರಜ್ ಕಕ್ಕರ್ ಮತ್ತು ಗೆಳೆಯರು ಕಟ್ಟಿದ, ಮುಂದೆ ಬೆಂಗಳೂರನ್ನು ನೆಲೆಯಾಗಿಸಿಕೊಂಡ ಹೆಕ್ಟರ್ ಬೆವರೇಜಸ್ 2011ರಲ್ಲಿ ತ್ಸಿಂಗಾ ಎಂಬ ಎನರ್ಜಿ ಡ್ರಿಂಕ್ ತಂದಿತು. ಡಬ್ಬಿಯ ಬದಲು ಮೆತ್ತಗಿನ ಪೌಚಿನಲ್ಲಿ ತುಂಬಿ, ರೆಡ್ ಬುಲ್ಲಿಗಿಂತ ತೀರಾ ಕಡಿಮೆ ಬೆಲೆಗೆ ಮಾರುವುದು ಅವರ ಲೆಕ್ಕಾಚಾರ. ಎನ್.ಆರ್. ನಾರಾಯಣಮೂರ್ತಿಯವರ ಕ್ಯಾಟಮರಾನ್ ಸಂಸ್ಥೆ ಇದರಲ್ಲಿ ಹಣ ಹೂಡಿತು. 2015ರ ಮೇ ತಿಂಗಳಲ್ಲಿ ಭಾರತದ ಆಹಾರ ಸುರಕ್ಷತಾ ಪ್ರಾಧಿಕಾರವು ಕೆಫೀನ್ ಮತ್ತು ಜಿನ್ಸೆಂಗ್ ಎರಡನ್ನೂ ಕೂಡಿಸಿದ್ದಕ್ಕೆ ವೈಜ್ಞಾನಿಕ ಸಮರ್ಥನೆ ಇಲ್ಲವೆಂದು ಹೇಳಿ ಮಾನ್‌ಸ್ಟರ್, ಕ್ಲೌಡ್ 9 ಮತ್ತು ತ್ಸಿಂಗಾದ ಕೆಲವು ಬಗೆಗಳನ್ನು ಮಾರುಕಟ್ಟೆಯಿಂದ ಹಿಂಪಡೆಯಲು ಆದೇಶಿಸಿತು.

ಅಷ್ಟು ಹೊತ್ತಿಗೆ ಕಂಪನಿ ಬೇರೊಂದು ದಾರಿ ಹಿಡಿದಾಗಿತ್ತು. 2013ರಲ್ಲಿ ಅದು ಪೇಪರ್ ಬೋಟ್ ಹೆಸರಿನಲ್ಲಿ ಮಾವಿನಕಾಯಿ ಪಾನಕ, ಜಲ್‌ಜೀರಾಗಳನ್ನು ಅದೇ ಬಗೆಯ ಪೌಚಿನಲ್ಲಿ ತಂದಿತು. ಕೋಕಂ, ಅಂದರೆ ನಮ್ಮ ಮುರುಗಲು ಕೂಡ ಆ ಸಾಲಿಗೆ ಸೇರಿತು. ಮೈಸೂರಿನ ಕಾರ್ಖಾನೆಯಿಂದ ಹೊರಟ ಈ ಪೌಚುಗಳು ದೇಶದೆಲ್ಲೆಡೆ ಹೆಸರು ಮಾಡಿದವು. ವಿದೇಶಿ ಮಾದರಿಯನ್ನು ಅಗ್ಗದಲ್ಲಿ ಅನುಕರಿಸಲು ಹೊರಟ ಕಂಪನಿಗೆ ನೆಲೆ ಒದಗಿಸಿದ್ದು ಅಜ್ಜಿಯ ಅಡುಗೆಮನೆಯ ಪಾನಕ.

ಎರಡನೆಯ ಪಾಠ ಭಟ್ಕಳಕ್ಕೆ ಇನ್ನೂ ಹತ್ತಿರದ್ದು. ದಕ್ಷಿಣ ಕನ್ನಡದ ಬೆಳ್ಳಾರೆ ಕಡೆಯ ಸತ್ಯಶಂಕರ್ ಆಟೋರಿಕ್ಷಾ ಓಡಿಸಿ, ಮುಂದೆ ವಾಹನಗಳ ಬಿಡಿಭಾಗದ ಅಂಗಡಿ, ವಾಹನ ಸಾಲದ ವ್ಯವಹಾರ ನಡೆಸಿ, 2000ದ ಸುಮಾರಿಗೆ ಪುತ್ತೂರಿನ ನರಿಮೊಗರಿನಲ್ಲಿ ಬಿಂದು ಹೆಸರಿನ ನೀರಿನ ಬಾಟಲಿಯಿಂದ ಪಾನೀಯ ಉದ್ಯಮಕ್ಕಿಳಿದರು. 2002ರಲ್ಲಿ ಬಂದ ಬಿಂದು ಜೀರಾ ಮಸಾಲಾ ಅವರ ಹಣೆಬರಹ ಬದಲಿಸಿತು. ಅದರಲ್ಲಿ ಕೆಫೀನಿನ ಹುರುಪಿಲ್ಲ. ಜೀರಿಗೆ, ಉಪ್ಪು, ಮಸಾಲೆಯ ರುಚಿಯಿದೆ. ಊಟವಾದ ಮೇಲೆ ಹೊಟ್ಟೆ ಹಗುರಾಗಲಿ ಎನ್ನುವ ನಮ್ಮವರ ರೂಢಿಗೆ ಅದು ಸರಿಯಾಗಿ ಹೊಂದಿತು. ಮದುವೆ ಮನೆ, ಹೋಟೆಲು, ಬಸ್ ನಿಲ್ದಾಣದ ಅಂಗಡಿ, ಕೊನೆಗೆ ಅಕ್ಕಪಕ್ಕದ ರಾಜ್ಯಗಳು ಹೀಗೆ ಅದು ಹಬ್ಬಿತು. ಬಹುರಾಷ್ಟ್ರೀಯ ಕಂಪನಿಗಳ ಕೋಲಾಕ್ಕೆ ಕೋಲಾದಿಂದಲೇ ಉತ್ತರ ಕೊಡಲು ಹೋಗದೆ, ಅವರ ಬಳಿ ಇಲ್ಲದ ರುಚಿಯನ್ನು ಮುಂದಿಟ್ಟದ್ದು ಬಿಂದುವಿನ ಗೆಲುವಿನ ಗುಟ್ಟು. ಅದಕ್ಕಿಂತ ಮುಖ್ಯವಾಗಿ, ಸತ್ಯಶಂಕರ್ ಏಜೆಂಟರ ಜಾಲವನ್ನು ಊರೂರು ಕಟ್ಟಿದರು. ರುಚಿಯೊಂದೇ ಆಗಿದ್ದರೆ ನಮ್ಮ ಪ್ರತಿ ತಾಲೂಕಿನಲ್ಲೂ ಒಂದೊಂದು ಬಿಂದು ಹುಟ್ಟಬೇಕಿತ್ತು.

ಬಾಟಲಿಯೊಳಗಿನ ಹುರುಪು ಎಂಥದ್ದು?

ಎನರ್ಜಿ ಡ್ರಿಂಕ್ ಕೊಡುವ ಹುರುಪಿನಲ್ಲಿ ಎರಡು ಭಾಗಗಳಿವೆ. ಸಕ್ಕರೆಯಿಂದ ಬರುವ ಕ್ಯಾಲರಿ ನಿಜವಾದ ಶಕ್ತಿ. ಅದು ಬೆಲ್ಲದ ತುಂಡಿನಲ್ಲೂ ಇದೆ, ಬಾಳೆಹಣ್ಣಿನಲ್ಲೂ ಇದೆ. ಇನ್ನೊಂದು ಕೆಫೀನಿನ ಕೆಲಸ. ನಾವು ಎಚ್ಚರವಿದ್ದಷ್ಟು ಹೊತ್ತೂ ಮಿದುಳಿನಲ್ಲಿ ಅಡೆನೋಸಿನ್ ಎಂಬ ವಸ್ತು ಸೇರುತ್ತಾ ಹೋಗಿ ‘ದಣಿವಾಗಿದೆ, ಮಲಗು’ ಎಂಬ ಸೂಚನೆ ಕೊಡುತ್ತದೆ. ಕೆಫೀನ್ ಆ ಸೂಚನೆ ತಲುಪಬೇಕಾದ ಜಾಗವನ್ನು ಆಕ್ರಮಿಸಿಕೊಳ್ಳುತ್ತದೆ. ದಣಿವು ಹೋಗುವುದಿಲ್ಲ, ಅದರ ಅರಿವು ಮಾತ್ರ ಮುಂದಕ್ಕೆ ಹೋಗುತ್ತದೆ. ದೇಹದಲ್ಲಿನ ಕೆಫೀನ್ ಅರ್ಧಕ್ಕಿಳಿಯಲು ಸುಮಾರು ಐದು ಗಂಟೆ ಬೇಕು. ಸಂಜೆ ಏಳಕ್ಕೆ ಬಾಟಲಿ ಕುಡಿದು ಓದಲು ಕೂತ ಹುಡುಗ ನಡುರಾತ್ರಿ ಹಾಸಿಗೆಯಲ್ಲಿ ಹೊರಳಾಡುವುದು ಇದರಿಂದಲೇ. ಕಲಿತದ್ದು ನೆನಪಿನಲ್ಲಿ ನಿಲ್ಲುವುದಕ್ಕೆ ಬೇಕಾದ ನಿದ್ರೆಯನ್ನೇ ಕಳೆದುಕೊಂಡು ಪರೀಕ್ಷೆಗೆ ಹೋಗುತ್ತಾನೆ.

ಕೆಫೀನ್ ಅಂದಕೂಡಲೇ ವಿಷ ಎಂದು ಬೊಬ್ಬೆ ಹಾಕುವುದೂ ಸರಿಯಲ್ಲ. ಯಕ್ಷಗಾನದ ಆಟಕ್ಕೆ ಬೆಳಗಿನ ತನಕ ಕೂತವರಿಗೆ, ಕಡಲಿಗೆ ಹೋಗಿ ಬಂದ ಮೀನುಗಾರರಿಗೆ ಚಹಾ ತಲೆಮಾರುಗಳಿಂದ ಒತ್ತಾಸೆಯಾಗಿದೆ; ಅದರಲ್ಲಿರುವುದೂ ಕೆಫೀನೇ. ಪ್ರಶ್ನೆ ಪ್ರಮಾಣದ್ದು, ವಯಸ್ಸಿನದ್ದು. ಯುರೋಪಿನ ಆಹಾರ ಸುರಕ್ಷತಾ ಸಂಸ್ಥೆಯ 2015ರ ಅಭಿಪ್ರಾಯದಂತೆ ಆರೋಗ್ಯವಂತ ವಯಸ್ಕರಿಗೆ ದಿನಕ್ಕೆ 400 ಮಿ.ಗ್ರಾಂ ಕೆಫೀನ್ ತನಕ ತೊಂದರೆಯಿಲ್ಲ. ಮಕ್ಕಳು, ಹದಿಹರೆಯದವರಿಗೆ ದೇಹತೂಕದ ಪ್ರತಿ ಕಿಲೋಗೆ 3 ಮಿ.ಗ್ರಾಂ ಮಿತಿ. ಭಾರತದ ನಿಯಮದಲ್ಲಿ ಇಂಥ ಪಾನೀಯದ ಲೀಟರಿಗೆ 300 ಮಿ.ಗ್ರಾಂಗಿಂತ ಹೆಚ್ಚು ಕೆಫೀನ್ ಇರಕೂಡದು. ಅಂದರೆ 250 ಮಿ.ಲೀ. ಬಾಟಲಿಯಲ್ಲಿ ಗರಿಷ್ಠ 75 ಮಿ.ಗ್ರಾಂ. ನಲವತ್ತು ಕಿಲೋ ತೂಕದ ಹೈಸ್ಕೂಲು ಹುಡುಗನ ಮಿತಿ ದಿನಕ್ಕೆ 120 ಮಿ.ಗ್ರಾಂ. ಗರಿಷ್ಠ ಪ್ರಮಾಣದ ಎರಡು ಬಾಟಲಿ ಕುಡಿದರೆ 150. ಮನೆಯ ಚಹಾ, ಕಾಫಿ ಬೇರೆ. ಚಹಾ ಬಿಸಿಯಿರುತ್ತದೆ, ಗುಟುಕು ಗುಟುಕಾಗಿ ಕುಡಿಯುತ್ತೇವೆ. ಈ ತಂಪು ಬಾಟಲಿ ಸೆಕೆಯಲ್ಲಿ ಒಂದೇ ಉಸಿರಿಗೆ ಖಾಲಿಯಾಗುತ್ತದೆ.

ಸಕ್ಕರೆಯ ಲೆಕ್ಕವೂ ಸಣ್ಣದಲ್ಲ. ರೆಡ್ ಬುಲ್ಲಿನ ಮಾಮೂಲಿ 250 ಮಿ.ಲೀ. ಡಬ್ಬಿಯಲ್ಲಿ ಸುಮಾರು 27 ಗ್ರಾಂ ಸಕ್ಕರೆಯಿದೆ. ವಿಶ್ವ ಆರೋಗ್ಯ ಸಂಸ್ಥೆ ವಯಸ್ಕರೊಬ್ಬರಿಗೆ ದಿನಕ್ಕೆ ಸುಮಾರು 25 ಗ್ರಾಂ ಒಳಗಿದ್ದರೆ ಇನ್ನೂ ಒಳ್ಳೆಯದು ಎನ್ನುತ್ತದೆ. ಒಂದು ಡಬ್ಬಿಗೇ ಆ ಮಿತಿ ಮುಗಿಯಿತು. ಇನ್ನು ಮದ್ಯದ ಜೊತೆ ಇದನ್ನು ಬೆರೆಸುವ ಚಾಳಿ ಎಲ್ಲಕ್ಕಿಂತ ಅಪಾಯದ್ದು: ಕೆಫೀನ್ ಅಮಲಿನ ಅರಿವನ್ನು ಮುಚ್ಚಿ ಇನ್ನಷ್ಟು ಕುಡಿಸುತ್ತದೆ, ಆದರೆ ಬೈಕಿನ ಹ್ಯಾಂಡಲ್ ಹಿಡಿದ ಕೈಗೆ ಅಮಲು ಇಳಿದಿರುವುದಿಲ್ಲ. ಅಮೆರಿಕದ ಔಷಧ ಮತ್ತು ಆಹಾರ ಇಲಾಖೆ 2010ರಲ್ಲೇ ಕೆಫೀನ್ ಬೆರೆಸಿದ ಮದ್ಯ ತಯಾರಿಸುತ್ತಿದ್ದ ನಾಲ್ಕು ಕಂಪನಿಗಳಿಗೆ ಎಚ್ಚರಿಕೆ ಕೊಟ್ಟಿತ್ತು.

ಕಾನೂನು, ತೆರಿಗೆ ಮತ್ತು ನಡುವಿನ ಕಿಂಡಿ

ಭಾರತದ ನಿಯಮದ ಪ್ರಕಾರ ಇಂಥ ಬಾಟಲಿಯ ಮೇಲೆ ‘ಕೆಫೀನ್ ಅಧಿಕ’ ಎಂಬ ಸೂಚನೆ ಇರಬೇಕು. ಮಕ್ಕಳು, ಗರ್ಭಿಣಿಯರು, ಹಾಲೂಡಿಸುವ ತಾಯಂದಿರು ಮತ್ತು ಕೆಫೀನ್ ಒಗ್ಗದವರಿಗೆ ಇದು ತಕ್ಕದ್ದಲ್ಲ, ದಿನಕ್ಕೆ 500 ಮಿ.ಲೀ. ಮೀರಬಾರದು ಎಂದು ಬರೆದಿರಬೇಕು. ಬರೆದೂ ಇರುತ್ತಾರೆ, ಸಣ್ಣ ಇಂಗ್ಲಿಷ್ ಅಕ್ಷರಗಳಲ್ಲಿ. ಆದರೆ ಮಕ್ಕಳಿಗೆ ತಕ್ಕದ್ದಲ್ಲ ಎಂದು ಬರೆದ ಬಾಟಲಿಯನ್ನು ಮಕ್ಕಳಿಗೇ ಮಾರುವುದನ್ನು ಆ ಬರಹ ತಡೆಯುವುದಿಲ್ಲ. ಲಿಥುವೇನಿಯಾ 2014ರಲ್ಲೇ, ಪೋಲೆಂಡ್ 2024ರ ಆರಂಭದಿಂದ, 18 ವರ್ಷದೊಳಗಿನವರಿಗೆ ಮಾರಾಟ ನಿಷೇಧಿಸಿವೆ. ನಮ್ಮಲ್ಲಿ ಪಂಜಾಬ್ ಸರ್ಕಾರ 2025ರಲ್ಲಿ ಶಾಲೆಗಳಲ್ಲಿ ಇದರ ಮಾರಾಟಕ್ಕೆ ತಡೆ ಹಾಕಲು ಮುಂದಾಯಿತು.

ಕರ್ನಾಟಕದ ಕೈಯಲ್ಲೂ ಒಂದು ಅಸ್ತ್ರ ಈಗಾಗಲೇ ಇದೆ. ಆಹಾರ ಸುರಕ್ಷತಾ ಪ್ರಾಧಿಕಾರದ 2020ರ ಶಾಲಾ ಆಹಾರ ನಿಯಮವು ಕೊಬ್ಬು, ಉಪ್ಪು, ಸಕ್ಕರೆ ಹೆಚ್ಚಿರುವ ತಿನಿಸು-ಪಾನೀಯಗಳನ್ನು ಶಾಲೆಯೊಳಗೂ ಶಾಲೆಯ ಸುತ್ತ 50 ಮೀಟರ್ ಒಳಗೂ ಮಾರಬಾರದೆನ್ನುತ್ತದೆ. ತಂಬಾಕು ಮಾರಾಟ ನಿಷೇಧದ ಬೋರ್ಡು ಶಾಲೆಗಳ ಗೋಡೆಯ ಮೇಲಿದೆ. ಈ ನಿಯಮದ ಬೋರ್ಡು ನೋಡಿದವರು ಎಷ್ಟು ಮಂದಿ?

ಹೆಸರಿನ ವಿಷಯದಲ್ಲಿ ಪ್ರಾಧಿಕಾರ ಈಚೆಗೆ ಬಿಗಿಯಾಗಿದೆ. ಮಾಲ್ಟ್, ಹಾಲಿನ ಪುಡಿಗಳನ್ನು ಆನ್‌ಲೈನ್ ಅಂಗಡಿಗಳು ‘ಹೆಲ್ತ್ ಡ್ರಿಂಕ್’, ‘ಎನರ್ಜಿ ಡ್ರಿಂಕ್’ ವಿಭಾಗದಲ್ಲಿ ಮಾರಬಾರದೆಂದು 2024ರ ಏಪ್ರಿಲಿನಲ್ಲಿ ಹೇಳಿತು. ಹೈದರಾಬಾದಿನ ಮಕ್ಕಳ ವೈದ್ಯೆ ಶಿವರಂಜನಿ ಸಂತೋಷ್ ಅವರ ವರ್ಷಗಟ್ಟಲೆಯ ಹೋರಾಟದ ನಂತರ, ಸಕ್ಕರೆ ಪಾನೀಯಗಳ ಹೆಸರಿನಲ್ಲಿ ‘ಓಆರ್‌ಎಸ್’ ಬಳಸಕೂಡದೆಂದು 2025ರ ಅಕ್ಟೋಬರಿನಲ್ಲಿ ಆದೇಶವಾಯಿತು.

ತೆರಿಗೆಯ ಕತೆ ಇನ್ನೂ ಕುತೂಹಲಕರ. ಕೆಫೀನ್ ಪಾನೀಯಗಳ ಮೇಲೆ 2019ರ ಅಕ್ಟೋಬರಿನಿಂದ ಶೇ. 28 ಜಿಎಸ್‌ಟಿ, ಶೇ. 12 ಸೆಸ್ ಬಿತ್ತು. 2025ರ ಸೆಪ್ಟೆಂಬರ್ 22ರ ಬದಲಾವಣೆಯಲ್ಲಿ ಅದೇ ಶೇ. 40 ಎಂದಾಯಿತು. 20 ರೂಪಾಯಿಯ ಬಾಟಲಿಯಲ್ಲಿ ಪೂರ್ತಿ ತೆರಿಗೆ ಲೆಕ್ಕ ಹಾಕಿದರೆ ಸುಮಾರು 5 ರೂಪಾಯಿ 70 ಪೈಸೆ ಸರ್ಕಾರಕ್ಕೆ. ಇಷ್ಟಾದ ಮೇಲೂ ಬೆಲೆ 20ರಲ್ಲೇ ನಿಂತಿದೆ ಎಂದರೆ ತೆರಿಗೆಯೊಂದರಿಂದ ಈ ವ್ಯಾಪಾರವನ್ನು ತಡೆಯಲಾಗದು. ಭಟ್ಕಳದವರಿಗೆ ಪರಿಚಿತವಾದ ಸೌದಿ ಮತ್ತು ಯುಎಇಗಳು 2017ರಲ್ಲಿ ಎನರ್ಜಿ ಡ್ರಿಂಕಿನ ಮೇಲೆ ಶೇ. 100 ತೆರಿಗೆ ಹಾಕಿದವು. ಸೌದಿ ಅದಕ್ಕೂ ಮೊದಲೇ, 2014ರಲ್ಲಿ, ಜಾಹೀರಾತನ್ನೇ ನಿಷೇಧಿಸಿತ್ತು. ಭಾರತದ 2025ರ ತೆರಿಗೆಪಟ್ಟಿಯಲ್ಲಿ ನಮಗೆ ಅನುಕೂಲವಾದ ಒಂದು ಸಾಲೂ ಇದೆ. ಅನಿಲ ತುಂಬದ ಹಣ್ಣಿನ ರಸದ ಪಾನೀಯಕ್ಕೂ ಪ್ಯಾಕೆಟ್ ಮಾಡಿದ ಎಳನೀರಿಗೂ ತೆರಿಗೆ ಶೇ. 12ರಿಂದ 5ಕ್ಕೆ ಇಳಿದಿದೆ. 40ಕ್ಕೂ 5ಕ್ಕೂ ಇರುವ ಈ ಅಂತರ ಊರಿನ ಪಾನೀಯಕ್ಕೆ ತೆರೆದ ಬಾಗಿಲು.

ಕರಾವಳಿಯ ಬಾಯಾರಿಕೆಗೆ ಕರಾವಳಿಯ ಉತ್ತರ

ನಮ್ಮ ಹವೆಯಲ್ಲಿ ದುಡಿಯುವವನು ಕಳೆದುಕೊಳ್ಳುವುದು ಮುಖ್ಯವಾಗಿ ನೀರು ಮತ್ತು ಉಪ್ಪು. ಗದ್ದೆಗಿಳಿದವರಿಗೆ ಸಾಣಿಕಟ್ಟಾದ ಉಪ್ಪು ಹಾಕಿದ ಗಂಜಿತಿಳಿ ಕೊಡುತ್ತಿದ್ದ ಹಿರಿಯರಿಗೆ ಶರೀರಶಾಸ್ತ್ರದ ಪುಸ್ತಕ ಬೇಕಿರಲಿಲ್ಲ. ಮನೆಗೆ ಬಂದವರಿಗೆ ಮೊದಲು ಬೆಲ್ಲ-ನೀರು ಕೊಟ್ಟು ಆಸರಿಗೆ, ಅಂದರೆ ಕುಡಿಯಲು, ಏನು ಬೇಕೆಂದು ಕೇಳುವ ಹವ್ಯಕರ ರೂಢಿ, ಎಳ್ಳಿನ ತಂಪು, ನೀರುಮಜ್ಜಿಗೆ, ಮುರುಗಲು ಪಾನಕ, ಎಳನೀರು ಇವೆಲ್ಲ ಈ ಸೆಕೆಯ ನಾಡು ತನಗೆ ತಾನೇ ಕಂಡುಕೊಂಡ ಪರಿಹಾರಗಳು. ಬೆವರು ಸುರಿದ ಮೇಲೆ ದೇಹ ಕೇಳುವ ಉಪ್ಪನ್ನೂ ನೀರನ್ನೂ ಇವು ಕೊಡುತ್ತವೆ, ನಿದ್ದೆಗೆಡಿಸುವುದಿಲ್ಲ.

ಇವುಗಳಲ್ಲಿ ಬಾಟಲಿಗೆ ಹತ್ತಿರ ಬಂದಿರುವುದು ಮುರುಗಲು. ಏಪ್ರಿಲಿನಿಂದ ಮಳೆಗಾಲದ ಹೊಸ್ತಿಲವರೆಗೆ ಹಣ್ಣಾಗುವ ಇದರ ಸಿಪ್ಪೆಯನ್ನು ಒಣಗಿಸುತ್ತಾರೆ, ಇಲ್ಲವೇ ಸಕ್ಕರೆ ಬೆರೆಸಿ ರಸ ಇಳಿಸಿ ಸಿರಪ್ ಮಾಡುತ್ತಾರೆ; ಬೀಜದಿಂದ ತುಪ್ಪ. ಮಳೆ ಬೇಗ ಬಂದರೆ ಒಣಗಿಸಲಾಗದೆ ಬೆಳೆ ಹಾಳು. ಶಿರಸಿಯ ಕದಂಬ ಮಾರ್ಕೆಟಿಂಗ್ ಸೌಹಾರ್ದ ಸಹಕಾರಿಯಂಥ ಸಂಸ್ಥೆಗಳು ಇದನ್ನು ಕೊಂಡು ಮಾರುವ ಕೆಲಸದಲ್ಲಿವೆ. ಆದರೂ ಇವತ್ತಿಗೆ ಮುರುಗಲು ಹೆಚ್ಚಾಗಿ ಸಿಗುವುದು ಮನೆಗೆ ಒಯ್ದು ನೀರು ಬೆರೆಸಿಕೊಳ್ಳಬೇಕಾದ ದೊಡ್ಡ ಸಿರಪ್ ಬಾಟಲಿಯಲ್ಲಿ. ದಾರಿಯಲ್ಲಿ ಬಾಯಾರಿದ ಹುಡುಗನಿಗೆ ಅದರಿಂದ ಉಪಯೋಗವಿಲ್ಲ. ಅವನ ಕೈಗೆ ಬೇಕಾದದ್ದು ಕೂಡಲೇ ಕುಡಿಯಬಹುದಾದ, ತಣ್ಣಗಿನ, 10-20 ರೂಪಾಯಿಯ ಬಾಟಲಿ.

ಇದೇ ಕುಟುಂಬದ ಉಪ್ಪಾಗೆ ನಮಗೆ ಒಮ್ಮೆ ಬುದ್ಧಿ ಕಲಿಸಿದೆ. ಮೀನಿನ ಸಾರಿಗೆ ಹುಳಿಯಾಗಿ ಕೇರಳಕ್ಕೆ ಹೋಗುತ್ತಿದ್ದ ಅದರ ಒಣ ಸಿಪ್ಪೆಗೆ, 1990ರ ದಶಕದಲ್ಲಿ ಅದರಲ್ಲಿರುವ ಹೈಡ್ರಾಕ್ಸಿಸಿಟ್ರಿಕ್ ಆಮ್ಲ ಬೊಜ್ಜು ಕರಗಿಸುತ್ತದೆಂಬ ಸುದ್ದಿ ಹಬ್ಬಿದ ಮೇಲೆ ವಿದೇಶದಿಂದ ಬೇಡಿಕೆ ಬಂತು. ಉತ್ತರ ಕನ್ನಡದ ಕಾಡಂಚಿನ ಮನೆಗಳಿಗೆ ದುಡ್ಡು ಹರಿಯಿತು. ಕಾಯಿ ಬಲಿಯುವ ಮೊದಲೇ ಕೊಯ್ಯುವ ಪೈಪೋಟಿ, ಮಳೆಯಲ್ಲಿ ಒಣಗಿಸಲು ಕಟ್ಟಿಗೆ ಸುಡುವ ಹಾವಳಿ ಎರಡೂ ಬಂದವು. ಬೆಲೆ ಇಳಿದಾಗ ಎಲ್ಲವೂ ತಣ್ಣಗಾಯಿತು. ಕಚ್ಚಾ ಮಾಲು ನಮ್ಮದು, ಮಾತ್ರೆ ಮತ್ತು ಹೆಸರು ಬೇರೆಯವರದ್ದಾಗಿತ್ತು. ಮುರುಗಲಿನ ವಿಷಯದಲ್ಲಿ ಅದೇ ತಪ್ಪು ಮತ್ತೆ ಆಗಬಾರದು.

ಮಾಡಬೇಕಾದದ್ದೇನು?

ರೆಡ್ ಬುಲ್, ಸ್ಟಿಂಗ್, ಬಿಂದು ಮೂರೂ ಬೇರೆ ಬೇರೆ ಪಾನೀಯಗಳು, ಹೇಳುವ ಪಾಠ ಒಂದೇ. ಕೊಳ್ಳುವವನ ಜೇಬು ಅರಿತ ಬೆಲೆ, ನೆನಪಿನಲ್ಲಿ ಉಳಿಯುವ ಹೆಸರು, ಕೈಗೆ ತಣ್ಣಗೆ ಸಿಗುವ ವ್ಯವಸ್ಥೆ ಇದ್ದರೆ ಪಾನೀಯ ಗೆಲ್ಲುತ್ತದೆ. ವಿದೇಶಿ ಬಾಟಲಿಯನ್ನು ಬೈದು ಎಳನೀರನ್ನು ಹೊಗಳುವ ಭಾಷಣಗಳಿಂದ ಏನೂ ಆಗದು. ಜಿಲ್ಲೆಯ ಸಹಕಾರಿ ಸಂಘಗಳು ಒಟ್ಟಾಗಿ ಒಂದೇ ಹೆಸರಿನಲ್ಲಿ, ಸಕ್ಕರೆ ಮಿತವಾಗಿ, ಸಾಣಿಕಟ್ಟಾದ ಉಪ್ಪು ಸೇರಿಸಿದ ಮುರುಗಲು ಪಾನೀಯದ ಸಣ್ಣ ಬಾಟಲಿ ತರಲಿ. ಶೇ. 5 ತೆರಿಗೆಯ ಅನುಕೂಲವನ್ನು ಬೆಲೆಯಲ್ಲಿ ತೋರಿಸಲಿ. ಸಹಕಾರಿ ಬ್ಯಾಂಕುಗಳು ಹೊಸ ಬೈಕಿಗೆ ಸಾಲ ಕೊಡುವಷ್ಟೇ ಸಲೀಸಾಗಿ ಗೂಡಂಗಡಿಗೆ ಒಂದು ಫ್ರಿಜ್ಜಿಗೆ ಸಾಲ ಕೊಡಲಿ; ಯಾವ ಕಂಪನಿಯ ಹಂಗೂ ಇಲ್ಲದ ಆ ಫ್ರಿಜ್ಜಿನಲ್ಲಿ ಊರಿನ ಬಾಟಲಿಗೂ ಒಂದು ಸಾಲು ಸಿಗುತ್ತದೆ.

ಇನ್ನೊಂದು ಕೆಲಸಕ್ಕೆ ಹಣವೂ ಬೇಡ, ಹೊಸ ಕಾನೂನೂ ಬೇಡ. ಮುಟ್ಟಳ್ಳಿಯಿಂದ ಕುಮಟಾದವರೆಗೆ ಪ್ರತಿ ಗ್ರಾಮ ಪಂಚಾಯಿತಿ, ಪ್ರತಿ ಶಾಲಾಭಿವೃದ್ಧಿ ಸಮಿತಿ ತನ್ನ ಶಾಲೆಯ ಸುತ್ತಲಿನ 50 ಮೀಟರನ್ನು ಅಳೆದು, ಅಲ್ಲಿನ ಅಂಗಡಿಯವರನ್ನು ಕೂರಿಸಿ ಮಾತಾಡಲಿ, ನಿಯಮವನ್ನು ಕನ್ನಡದಲ್ಲಿ ದೊಡ್ಡದಾಗಿ ಬರೆಸಿ ಗೋಡೆಗೆ ಹಾಕಲಿ. ರಾಜ್ಯ ಸರ್ಕಾರ 18 ವರ್ಷದ ಮಿತಿಯನ್ನು ತರುವ ತನಕ ಕಾಯಬೇಕಾಗಿಲ್ಲ. ವಯಸ್ಕರು ತಮ್ಮ ದುಡ್ಡಿನಲ್ಲಿ ಏನು ಕುಡಿಯಬೇಕೆಂಬುದು ಅವರ ಇಷ್ಟ. ‘ಮಕ್ಕಳಿಗೆ ತಕ್ಕದ್ದಲ್ಲ’ ಎಂದು ತಯಾರಕರೇ ಬರೆದುಕೊಂಡ ಬಾಟಲಿ ಮಕ್ಕಳ ಕೈಗೆ ಹೋಗದಂತೆ ನೋಡಿಕೊಳ್ಳುವುದು ಊರಿನವರ ಹೊಣೆ.